ಹುವಾ ಹಿನ್‌ನಲ್ಲಿ ಬಿಡಾರ ಹೂಡುವವರಿಗೆ: ವಿಳಾಸದ ಕಾಗದದಿಂದ ಒಗ್ಗರಣೆಯವರೆಗೆ

ಥಾಯ್ಲೆಂಡ್ ಕೊಲ್ಲಿಯ ಪಡುದಂಡೆಯಲ್ಲಿ, ಬ್ಯಾಂಕಾಕಿನಿಂದ ಸುಮಾರು 200 ಕಿಲೋಮೀಟರ್ ದಕ್ಷಿಣಕ್ಕೆ, ಪ್ರಚುವಾಪ್ ಖಿರಿ ಖಾನ್ ಪ್ರಾಂತ್ಯದಲ್ಲಿ ಹುವಾ ಹಿನ್ ಇದೆ. ಸಮುದ್ರ, ಫೆಟ್‌ಕಸೆಮ್ ರಸ್ತೆ, ರೈಲು ಹಳಿ ಮೂರೂ ಒಂದರ ಪಕ್ಕ ಒಂದು ಸಾಗುತ್ತವೆ. ಈ ಮೂರನ್ನು ತಿಳಿದುಕೊಂಡರೆ ಊರಿನಲ್ಲಿ ದಾರಿ ತಪ್ಪುವುದಿಲ್ಲ. ಪಿಂಚಣಿಯ ಮೇಲೆ ಬದುಕುವವರು, ದೂರದಿಂದಲೇ ಕಚೇರಿ ಕೆಲಸ ಮಾಡುವವರು ವರ್ಷಗಟ್ಟಲೆ ಇಲ್ಲಿರುತ್ತಾರೆ.

ವಾಸಕ್ಕೆ ಬರುವವರು ಸಾಮಾನ್ಯವಾಗಿ ಮೊದಲು ಬ್ಯಾಂಕ್ ಖಾತೆ, ಆಮೇಲೆ ಸ್ಕೂಟರು, ನಿಧಾನವಾಗಿ ಮನೆ ಎಂದು ಲೆಕ್ಕ ಹಾಕಿಕೊಂಡಿರುತ್ತಾರೆ. ಆ ಕ್ರಮದಲ್ಲಿ ಹೊರಟರೆ ಪ್ರತಿ ಕೌಂಟರಿನಿಂದಲೂ ವಾಪಸು ಬರಬೇಕಾಗುತ್ತದೆ. ಇಲ್ಲಿ ವಿಳಾಸದ ಕಾಗದವಿಲ್ಲದೆ ಮುಂದಿನ ಯಾವ ಕಾಗದವೂ ಹುಟ್ಟುವುದಿಲ್ಲ. ಮೊದಲು ಮನೆ, ಮನೆಯೊಡನೆ ಟಿಎಂ 30 ಎಂಬ ಆ ವಿಳಾಸದ ಕಾಗದ, ಉಳಿದದ್ದೆಲ್ಲ ಅದರ ಹಿಂದೆ.

ವೀಸಾ, ಚುಟುಕಾಗಿ

2024ರ ಜುಲೈನಲ್ಲಿ ಭಾರತೀಯರಿಗೆ ವೀಸಾ ಇಲ್ಲದೆ 60 ದಿನ ಇರಲು ಬಿಡುವ ವ್ಯವಸ್ಥೆ ಬಂತು. ಇದು ಸರ್ಕಾರ ಯಾವಾಗ ಬೇಕಾದರೂ ಬದಲಾಯಿಸಬಹುದಾದ ನಿಯಮ. ಟಿಕೆಟ್ ಕೊಳ್ಳುವ ಮುನ್ನ ರಾಯಭಾರ ಕಚೇರಿಯ ಜಾಲತಾಣ ನೋಡಿಕೊಳ್ಳಿ. ಊರು ಒಗ್ಗುತ್ತದೆಯೇ ಎಂದು ನೋಡಲು ಇದು ಸಾಕು, ನೆಲೆಸಲು ಸಾಲದು. ಐವತ್ತು ದಾಟಿದವರಿಗೆ ನಿವೃತ್ತಿಯ ಆಧಾರದ ಮೇಲೆ ವರ್ಷವರ್ಷ ವಿಸ್ತರಣೆ ಸಿಗುತ್ತದೆ. ಅದಕ್ಕೆ ಥಾಯ್ ಬ್ಯಾಂಕಿನಲ್ಲಿ 8,00,000 ಬಾಟ್ ಇರಬೇಕು, ಅಥವಾ ತಿಂಗಳಿಗೆ 65,000 ಬಾಟ್ ಆದಾಯ ತೋರಿಸಬೇಕು. ಠೇವಣಿ ದಾರಿ ಹಿಡಿದವರು ಎಡವುವುದು ದಿನದ ಲೆಕ್ಕದಲ್ಲಿ. ಹಣ ಅರ್ಜಿಗೆ ಎರಡು ತಿಂಗಳು ಮೊದಲೇ ಖಾತೆಯಲ್ಲಿರಬೇಕು, ಮಂಜೂರಾದ ಮೇಲೆ ಮೂರು ತಿಂಗಳು ಮುಟ್ಟಬಾರದು, ಅನಂತರವೂ 4,00,000ಕ್ಕಿಂತ ಕೆಳಗಿಳಿಯಬಾರದು. ವಿದೇಶಿ ಕಂಪನಿಗೆ ದೂರದಿಂದ ಕೆಲಸ ಮಾಡುವವರಿಗೆ 2024ರಲ್ಲಿ ಬಂದ ಡಿಟಿವಿ ವೀಸಾ ಇದೆ. ಅದರ ಅವಧಿ ಐದು ವರ್ಷ, ಪ್ರತಿ ಪ್ರವೇಶಕ್ಕೆ 180 ದಿನ, ಖಾತೆಯಲ್ಲಿ 5,00,000 ಬಾಟ್‌ಗೆ ಸಮನಾದ ಹಣ ತೋರಿಸಬೇಕು.

ವರ್ಷದ ವಿಸ್ತರಣೆ ಪಡೆದವರು ದೇಶ ಬಿಡುವ ಮುನ್ನ ಮರುಪ್ರವೇಶ ಪರವಾನಗಿ ಮಾಡಿಸಲೇಬೇಕು. ಒಂದು ಸಲಕ್ಕೆ 1,000 ಬಾಟ್, ಹಲವು ಸಲಕ್ಕೆ 3,800. ತಂಗಿಯ ಮದುವೆಗೆಂದು ಅವಸರದಲ್ಲಿ ಬೆಂಗಳೂರಿಗೆ ಹಾರಿದರೆ ವಿಸ್ತರಣೆ ವಿಮಾನ ನಿಲ್ದಾಣದಲ್ಲೇ ಸತ್ತುಹೋಗುತ್ತದೆ, ವಾಪಸು ಬಂದಾಗ ಎಲ್ಲವೂ ಮೊದಲಿನಿಂದ. ಅವಧಿ ಮೀರಿ ಉಳಿದರೆ ದಿನಕ್ಕೆ 500 ಬಾಟ್, ಗರಿಷ್ಠ 20,000 ದಂಡ. ಪೊಲೀಸರೇ ಹಿಡಿದರೆ ದಂಡದ ಜೊತೆಗೆ ಗಡಿಪಾರು, ಮರುಪ್ರವೇಶ ನಿಷೇಧ.

ಮನೆ ನೋಡುವಾಗ

ಮೊದಲ ಎರಡು ವಾರ ಹೋಟೆಲಿನಲ್ಲಿದ್ದು ಕಾಲ್ನಡಿಗೆಯಲ್ಲೇ ಮನೆ ಹುಡುಕಿ. ಫೋಟೋ ನೋಡಿ ಊರಿನಿಂದಲೇ ಹಣ ಕಳಿಸಬೇಡಿ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕಂಡವರಿಗೆ ಇಲ್ಲಿನ ಪದ್ಧತಿ ಹಗುರ. ಎರಡು ತಿಂಗಳ ಬಾಡಿಗೆ ಠೇವಣಿ, ಒಂದು ತಿಂಗಳದ್ದು ಮುಂಗಡ, ಕರಾರು ಒಂದು ವರ್ಷಕ್ಕೆ.

ಬಾಡಿಗೆಗಿಂತ ಮೊದಲು ಕೇಳಬೇಕಾದ ಪ್ರಶ್ನೆ: ಕರೆಂಟಿನ ಯೂನಿಟ್ಟಿಗೆ ಎಷ್ಟು? ಪ್ರಾಂತೀಯ ವಿದ್ಯುತ್ ಸಂಸ್ಥೆಯಾದ ಪಿಇಎಯ ಬಿಲ್ಲು ನೇರವಾಗಿ ಬರುವ ಮನೆಯಲ್ಲಿ ಯೂನಿಟ್ಟಿಗೆ ನಾಲ್ಕೈದು ಬಾಟ್ ಬೀಳುತ್ತದೆ. ಕಟ್ಟಡದ ಮಾಲೀಕರೇ ಮೀಟರು ಇಟ್ಟು ವಸೂಲಿ ಮಾಡುವ ಕಡೆ ಏಳೆಂಟು ಬಾಟ್. ಮಲಗುವ ಕೋಣೆಯ 12,000 ಬಿಟಿಯು ಏಸಿ, ಅಂದರೆ ನಮ್ಮ ಒಂದು ಟನ್ನಿನದು, ರಾತ್ರಿ ಎಂಟು ಗಂಟೆ ಓಡಿ ಆರು ಯೂನಿಟ್ ಎಳೆಯಿತು ಎನ್ನಿ. ತಿಂಗಳಿಗೆ 180 ಯೂನಿಟ್. ನಾಲ್ಕೂವರೆಯ ದರದಲ್ಲಿ 810 ಬಾಟ್, ಎಂಟರ ದರದಲ್ಲಿ 1,440. ಇದು ಒಂದೇ ಏಸಿಯ ಲೆಕ್ಕ.

ಎರಡನೆಯ ಪ್ರಶ್ನೆ ಮಳೆನೀರಿನದು. ರೈಲು ಹಳಿಯಿಂದ ಪಶ್ಚಿಮಕ್ಕೆ ಗುಡ್ಡದ ಕಡೆ ಹೋದಂತೆ ಬಾಡಿಗೆ ಇಳಿಯುತ್ತದೆ, ಆದರೆ ತಗ್ಗಿನ ಸೋಯಿಗಳಲ್ಲಿ, ಅಂದರೆ ಅಡ್ಡರಸ್ತೆಗಳಲ್ಲಿ, ಅಕ್ಟೋಬರಿನ ದೊಡ್ಡ ಮಳೆಗೆ ನೀರು ನಿಲ್ಲುತ್ತದೆ. ಕಾಂಪೌಂಡ್ ಗೋಡೆಯ ಬುಡದಲ್ಲಿ ನೀರಿನ ಗೆರೆ ಕಾಣುತ್ತದೆಯೇ ನೋಡಿ. ಪಕ್ಕದ ಅಂಗಡಿಯವರನ್ನೂ ಕೇಳಿ, ಅವರಿಗೆ ಮನೆ ಬಾಡಿಗೆಗೆ ಹೋಗಬೇಕೆಂಬ ಅವಸರವಿಲ್ಲ.

ಸಹಿ ಹಾಕುವ ಮುನ್ನ ಸಿಂಕಿನ ಕೆಳಗೆ ತೇವ, ಏಸಿ ಬಿಟ್ಟ ಹತ್ತು ನಿಮಿಷಕ್ಕೆ ಬರುವ ಮುಗ್ಗಲು ವಾಸನೆ, ಬಚ್ಚಲಿನ ಹೀಟರಿಗೆ ಅರ್ಥಿಂಗ್, ಕಿಟಕಿಗೆ ಸೊಳ್ಳೆ ಬಲೆ ಇವಿಷ್ಟು ಪರೀಕ್ಷಿಸಿ. ಪ್ರತಿ ಗೀರು, ಪ್ರತಿ ಕಲೆಯ ಫೋಟೋ ತೆಗೆದು ಅದೇ ದಿನ ಮಾಲೀಕರಿಗೆ ಕಳಿಸಿ. ಮನೆ ಬಿಡುವಾಗ ಠೇವಣಿಯ ಜಗಳ ಹುಟ್ಟುವುದು ಈ ಗೀರುಗಳಿಂದಲೇ.

ಮುಖ್ಯ ಮಾತು ಇನ್ನೊಂದಿದೆ. "ಟಿಎಂ 30 ಮಾಡಿಕೊಡುತ್ತೀರಾ?" ಎಂದು ಮುಂಗಡ ಕೊಡುವ ಮೊದಲೇ ಕೇಳಿ. ತಡವರಿಸಿದರೆ ಆ ಮನೆ ಎಷ್ಟೇ ಚೆನ್ನಾಗಿರಲಿ, ಬಿಡಿ.

ಟಿಎಂ 30: ಎಲ್ಲದರ ಬೇರು

1979ರ ವಲಸೆ ಕಾಯ್ದೆಯ 38ನೇ ಕಲಮಿನ ಪ್ರಕಾರ, ವಿದೇಶಿಯೊಬ್ಬರು ಬಂದು ತಂಗಿದ 24 ಗಂಟೆಯೊಳಗೆ ಮನೆಯವರು ವಲಸೆ ಇಲಾಖೆಗೆ ತಿಳಿಸಬೇಕು. ಹೊಣೆ ಮಾಲೀಕರದ್ದು, ಆದರೆ ಅದಿಲ್ಲದೆ ಕೆಲಸ ಕೆಡುವುದು ಬಾಡಿಗೆದಾರರದ್ದು. ಹೀಗೆ ಮಾಡಿ:

1. ಮಾಲೀಕರಿಂದ ಗುರುತಿನ ಚೀಟಿಯ ಪ್ರತಿ, ಥಬಿಯನ್ ಬಾನ್ ಎಂಬ ಮನೆ ನೋಂದಣಿ ಪುಸ್ತಕದ ಪ್ರತಿ ಕೇಳಿ ಪಡೆಯಿರಿ. ಎರಡರ ಮೇಲೂ ಅವರ ಸಹಿ ಇರಲಿ.
2. ನಿಮ್ಮ ಪಾಸ್‌ಪೋರ್ಟಿನ ಫೋಟೋ ಪುಟ, ವೀಸಾ ಪುಟ, ಕೊನೆಯ ಪ್ರವೇಶದ ಮುದ್ರೆ, ಬಾಡಿಗೆ ಕರಾರು ಇವುಗಳ ಜೆರಾಕ್ಸ್ ಮಾಡಿಸಿ. ಪ್ರತಿ ಹಾಳೆಗೂ ನೀಲಿ ಶಾಯಿಯಲ್ಲಿ ಸಹಿ ಹಾಕಿ. ಸಹಿಯಿಲ್ಲದ ಜೆರಾಕ್ಸ್ ಇಲ್ಲಿ ಬರೀ ಕಾಗದ.
3. ಮಾಲೀಕರು ಆನ್‌ಲೈನಿನಲ್ಲಿ ತುಂಬಿದರೆ ರಸೀದಿಯ ಪ್ರತಿ ಕಳಿಸಲು ಹೇಳಿ. ಇಲ್ಲವಾದರೆ ಈ ಕಾಗದಗಳೊಂದಿಗೆ ನೀವೇ ಹುವಾ ಹಿನ್‌ನ ವಲಸೆ ಕಚೇರಿಗೆ ಹೋಗಿ. ಬೆಳಗ್ಗೆ ಎಂಟೂವರೆಗೇ ಹೋಗುವುದು ಒಳ್ಳೆಯದು, ಹನ್ನೆರಡರಿಂದ ಒಂದರವರೆಗೆ ಊಟದ ಬಿಡುವು. ಚಡ್ಡಿ, ತೋಳಿಲ್ಲದ ಬನಿಯನ್ ತೊಟ್ಟು ಹೋಗಬೇಡಿ.
4. ಕೊಡುವ ರಸೀದಿಯ ತುಂಡನ್ನು ಪಾಸ್‌ಪೋರ್ಟಿನೊಳಗೇ ಇಟ್ಟುಕೊಳ್ಳಿ, ಫೋಟೋ ತೆಗೆದುಕೊಳ್ಳಿ.

ಹೊರದೇಶಕ್ಕೆ ಹೋಗಿ ಬಂದಾಗಲೆಲ್ಲ ಹೊಸದಾಗಿ ಸಲ್ಲಿಸಿಬಿಡುವುದು ಕ್ಷೇಮ. ಮನೆ ಬದಲಿಸಿದರಂತೂ ಕಡ್ಡಾಯ. ತಡವಾದರೆ ದಂಡ ಬೀಳುತ್ತದೆ. ದಂಡಕ್ಕಿಂತ ದೊಡ್ಡ ತೊಂದರೆಯೆಂದರೆ, ಹಳೆಯ ವಿಳಾಸ ಕಂಪ್ಯೂಟರಿನಲ್ಲಿ ಕೂತಿರುವವರೆಗೆ ವೀಸಾ ವಿಸ್ತರಣೆ, ವಾಸಸ್ಥಳ ಪ್ರಮಾಣಪತ್ರ ಯಾವುದೂ ಮುಂದೆ ಹೋಗುವುದಿಲ್ಲ.

ಇದರ ಜೊತೆ 90 ದಿನದ ವರದಿಯನ್ನು ಗೊಂದಲ ಮಾಡಿಕೊಳ್ಳಬೇಡಿ. ಟಿಎಂ 47 ಎಂಬ ಈ ವರದಿಯಲ್ಲಿ "ಇನ್ನೂ ಇದೇ ಮನೆಯಲ್ಲಿದ್ದೇನೆ" ಎಂದು ಹೇಳುವುದಷ್ಟೇ. ಅದು ವೀಸಾ ವಿಸ್ತರಣೆಯಲ್ಲ, ಶುಲ್ಕವಿಲ್ಲ. ಗಡುವಿಗೆ 15 ದಿನ ಮೊದಲಿನಿಂದ 7 ದಿನ ನಂತರದವರೆಗೆ ಕಚೇರಿಯಲ್ಲಿ ಸಲ್ಲಿಸಬಹುದು, ದಾಟಿದರೆ 2,000 ಬಾಟ್ ದಂಡ. ದೇಶ ಬಿಟ್ಟು ಮರಳಿದರೆ ಎಣಿಕೆ ಮತ್ತೆ ಒಂದರಿಂದ. ಗಡುವು ಏಪ್ರಿಲ್ 13ರಿಂದ 15ರ ಸೊಂಗ್‌ಕ್ರಾನ್ ಹಬ್ಬದ ಹತ್ತಿರ ಬಿದ್ದರೆ ಏಪ್ರಿಲಿನ ಮೊದಲ ವಾರದಲ್ಲೇ ಮುಗಿಸಿ. ಹೆಸರಿನಲ್ಲೇ ನಮ್ಮ ಸಂಕ್ರಾಂತಿ ಇರುವ ಈ ಹೊಸವರ್ಷಕ್ಕೆ ಊರೆಲ್ಲ ನೀರಾಟ, ಕಚೇರಿಗಳೆಲ್ಲ ರಜೆ.

ಹಣಕಾಸು

ವಿಳಾಸದ ಕಾಗದ ಕೈಗೆ ಬಂದ ಮೇಲೆ ಬ್ಯಾಂಕಿಗೆ ಹೋಗಿ. ಪ್ರವಾಸಿಯಾಗಿ ಬಂದವರಿಗೆ ಖಾತೆ ಸಿಗುವುದು ಕಷ್ಟ. ದೀರ್ಘಾವಧಿ ವೀಸಾ, ಬಾಡಿಗೆ ಕರಾರು, ವಾಸಸ್ಥಳ ಪ್ರಮಾಣಪತ್ರ, ಥಾಯ್ ಮೊಬೈಲ್ ನಂಬರು ಇದ್ದರೂ ಒಂದು ಶಾಖೆ ಒಲ್ಲೆ ಎಂದದ್ದನ್ನು ಅದೇ ಬ್ಯಾಂಕಿನ ಇನ್ನೊಂದು ಶಾಖೆ ಮಾಡಿಕೊಡುವುದುಂಟು. ಬೇಸರಿಸದೆ ಎರಡು ಮೂರು ಕಡೆ ಕೇಳಿ. ಖಾತೆ ಬಂದರೆ ನಮ್ಮ ಯುಪಿಐಯಂಥ ಪ್ರಾಂಪ್ಟ್‌ಪೇ ಬರುತ್ತದೆ, ಸೊಪ್ಪಿನ ಗಾಡಿಯಲ್ಲೂ ಕ್ಯೂಆರ್ ತೋರಿಸುತ್ತಾರೆ. ಅಲ್ಲಿಯವರೆಗೆ ಭಾರತದ ಕಾರ್ಡಿನಿಂದ ಎಟಿಎಮ್ಮಿನಲ್ಲಿ ಹಣ ತೆಗೆದರೆ ಪ್ರತಿ ಸಲ ಇನ್ನೂರಕ್ಕೂ ಹೆಚ್ಚು ಬಾಟ್ ಶುಲ್ಕ, ಹಾಗಾಗಿ ಸಣ್ಣ ಮೊತ್ತ ತೆಗೆಯಬೇಡಿ. ಯಂತ್ರ "ರೂಪಾಯಿಗೆ ಪರಿವರ್ತಿಸಲೇ?" ಎಂದು ಕೇಳಿದರೆ ಬೇಡ ಎನ್ನಿ, ಆ ದರದಲ್ಲಿ ನಷ್ಟ ನಿಮ್ಮದೇ.

ಜನವರಿಯಿಂದ ಡಿಸೆಂಬರಿನೊಳಗೆ 180 ದಿನ ಇಲ್ಲಿ ಕಳೆದವರು ತೆರಿಗೆಯ ಲೆಕ್ಕದಲ್ಲಿ ಇಲ್ಲಿನ ನಿವಾಸಿ. 2024ರಿಂದ, ಹೊರಗೆ ಗಳಿಸಿ ಒಳಗೆ ತಂದ ಆದಾಯವೂ ಆ ಲೆಕ್ಕಕ್ಕೆ ಬರುತ್ತದೆ. ಭಾರತ ಮತ್ತು ಥಾಯ್ಲೆಂಡ್ ನಡುವೆ ಎರಡೆರಡು ಸಲ ತೆರಿಗೆ ಬೀಳದಂತೆ ಒಪ್ಪಂದವಿದೆ. ಪಿಂಚಣಿ, ಬಾಡಿಗೆ, ಬಡ್ಡಿ ಇರುವವರು ಮೊದಲ ವರ್ಷವೇ ಎರಡೂ ಕಡೆ ಬಲ್ಲ ಲೆಕ್ಕಿಗರನ್ನು ಕಾಣಬೇಕು.

ಬಿಲ್ಲು, ಔಷಧಿ, ಹಾಲಿನ ಪೊಟ್ಟಣ ಎಲ್ಲದರ ಮೇಲೂ ಬುದ್ಧ ಶಕದ ವರ್ಷ ಇರಬಹುದು. ಕ್ರಿಸ್ತಶಕಕ್ಕೆ 543 ಕೂಡಿಸಿ. 2569 ಎಂದರೆ 2026. ಬರೀ "69" ಎಂದಷ್ಟೇ ಅಚ್ಚಾಗಿದ್ದರೂ ಅದೇ.

ಅಡುಗೆಮನೆ

ನಮ್ಮ ಮಿಕ್ಸಿ, ಕುಕ್ಕರು ತರಬಹುದು. ಇಲ್ಲಿಯೂ 220 ವೋಲ್ಟ್, 50 ಹರ್ಟ್ಸ್. ತೊಡಕು ಪ್ಲಗ್ಗಿನದು. ನಮ್ಮ ದಪ್ಪ ಮೂರು ಪಿನ್ನು ಇಲ್ಲಿನ ಸಾಕೆಟ್ಟಿಗೆ ಹೋಗದು. ಅಡಾಪ್ಟರಿನ ಮೇಲೆ ಮಿಕ್ಸಿ ಓಡಿಸಿದರೆ ಸಡಿಲವಾಗಿ ಕಿಡಿ ಹಾರುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಥಾಯ್ ಪ್ಲಗ್ ಕೊಂಡು ತುದಿಯನ್ನೇ ಬದಲಿಸಿಬಿಡಿ. ಕಾಂಡೋಗಳಲ್ಲಿ, ಅಂದರೆ ಬಹುಮಹಡಿ ಕಟ್ಟಡದ ಫ್ಲ್ಯಾಟುಗಳಲ್ಲಿ, ಗ್ಯಾಸ್ ಸಿಲಿಂಡರಿಗೆ ಹೆಚ್ಚಾಗಿ ಅನುಮತಿ ಇರುವುದಿಲ್ಲ, ಅಂಥ ಮನೆಗೆ ಇಂಡಕ್ಷನ್ ತಳದ ಕುಕ್ಕರೇ ಬೇಕು. ಬಿಡಿ ಮನೆಯಾದರೆ 15 ಕಿಲೋ ಸಿಲಿಂಡರನ್ನು ಅಂಗಡಿಯವರು ಬೈಕಿನಲ್ಲಿ ತಂದು ಕೂರಿಸುತ್ತಾರೆ. ರೆಗ್ಯುಲೇಟರು ಇಲ್ಲಿನದೇ ಕೊಳ್ಳಿ.

ನಲ್ಲಿ ನೀರು ಕುಡಿಯಲು ಬೇಡ. ಬೀದಿ ಬದಿಯ ಯಂತ್ರಕ್ಕೆ ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಳ್ಳಬಹುದು, ಆದರೆ ಫಿಲ್ಟರ್ ಬದಲಿಸಿದ ದಿನಾಂಕದ ಚೀಟಿ ಇಲ್ಲದ ಯಂತ್ರವನ್ನು ನಂಬಬೇಡಿ. ಮನೆಬಾಗಿಲಿಗೆ ಬರುವ ದೊಡ್ಡ ಕ್ಯಾನು ಹೆಚ್ಚು ನೆಮ್ಮದಿ.

ಅನ್ನದ ವಿಷಯದಲ್ಲಿ ಹೆಚ್ಚಿನವರು ಹೋಮ್ ಮಲಿ ಎಂಬ ಮಲ್ಲಿಗೆ ಅಕ್ಕಿ ತಂದು ಬೇಸರಪಡುತ್ತಾರೆ. ಅದರ ಘಮ ಚೆಂದ, ಆದರೆ ಅನ್ನ ಮೆತ್ತಗೆ, ಅಂಟು. ಸಾರು ಕಲಸಿದರೆ ಮುದ್ದೆಯಾಗುತ್ತದೆ. ಖಾವ್ ಸಾವ್ ಹಾಯ್ ಎಂಬ ಅಕ್ಕಿ ಕೇಳಿ. ಉದುರುದುರಾಗಿ ಅರಳುತ್ತದೆ, ಸಾರನ್ನಕ್ಕೂ ಚಿತ್ರಾನ್ನಕ್ಕೂ ಸೋನಾ ಮಸೂರಿಗೆ ಹತ್ತಿರ. ಖಾವ್ ನಿಯಾವ್ ಎಂದಿದ್ದರೆ ಅದು ಆವಿಯಲ್ಲಿ ಬೇಯಿಸುವ ಅಂಟಕ್ಕಿ, ಕುಕ್ಕರಿಗೆ ಹಾಕಬೇಡಿ.

ಊರ ನಡುವಿನ ಛಾಟ್‌ಛಾಯ್ ಮಾರುಕಟ್ಟೆಗೆ ಬೆಳಗ್ಗೆ ಬೇಗ ಹೋದರೆ ನಮ್ಮ ತರಕಾರಿ ಬಹುಪಾಲು ಸಿಗುತ್ತದೆ. ಹೆಸರು ಮಾತ್ರ ಬೇರೆ. ಬೂದುಗುಂಬಳ ಫಕ್ ಖಿಯಾವ್, ಹೀರೇಕಾಯಿ ಬುವಾಪ್ ಲಿಯಮ್, ಹಾಗಲ ಮರಾ, ಬೆಂಡೆ ಕ್ರಚಿಯಾಪ್ ಖಿಯಾವ್, ನುಗ್ಗೆ ಮರುಮ್, ಬಾಳೆಮೂತಿ ಹುವಾ ಪ್ಲೀ, ಹುಣಸೆ ಮಖಾಮ್ ಪಿಯಾಕ್. ತೆಂಗಿನಕಾಯಿ ತುರಿಯುವ ಕಷ್ಟವೇ ಇಲ್ಲ, ಯಂತ್ರದಲ್ಲಿ ತುರಿದು ತೂಕಕ್ಕೆ ಕೊಡುತ್ತಾರೆ. ಚಟ್ನಿಗೆ ಕಂದು ಸಿಪ್ಪೆ ತೆಗೆದ ಬಿಳಿ ತುರಿಯನ್ನೇ, ಅಂದರೆ ಮಫ್ರಾವ್ ಖೂತ್ ಖಾವ್ ಎಂದು ಕೇಳಿ. ಸೆಖೆಗೆ ಎರಡು ಮೂರು ಗಂಟೆಯಲ್ಲಿ ಹುಳಿವಾಸನೆ ಬರುವುದರಿಂದ ಮನೆ ಸೇರಿದ ಕೂಡಲೇ ನೂರು ನೂರು ಗ್ರಾಮಿನ ಪೊಟ್ಟಣ ಮಾಡಿ ಫ್ರೀಜರಿಗೆ ಹಾಕಿ.

ಹೆಸರುಬೇಳೆ ಇಲ್ಲಿಯದೇ ಸಿಗುತ್ತದೆ. ತೊಗರಿಬೇಳೆ, ಉದ್ದಿನಬೇಳೆ, ಇಡ್ಲಿ ರವೆ, ಇಂಗು ಬ್ಯಾಂಕಾಕಿನ ಫಹುರತ್ ಬೀದಿಯ ಭಾರತೀಯ ಅಂಗಡಿಗಳಿಂದ ತಿಂಗಳಿಗೊಮ್ಮೆ ತನ್ನಿ. ಸಾರಿನಪುಡಿ, ಹುಳಿಪುಡಿ ಊರಿನಿಂದ ತರಬಹುದು. ಕರಿಬೇವಿನ ಗಿಡ, ಬಿತ್ತನೆ ಬೀಜ ಮಾತ್ರ ಪರವಾನಗಿ ಇಲ್ಲದೆ ತರುವಂತಿಲ್ಲ.

ಒಂದು ಲೋಟ ಉದ್ದಿಗೆ ಎರಡು ಲೋಟ ಇಡ್ಲಿ ರವೆಯ ಅಳತೆ ಇಲ್ಲಿಯೂ ಸರಿ, ಗಡಿಯಾರ ಮಾತ್ರ ಬೇರೆ. ಬೆಂಗಳೂರಿನ ಚಳಿಯಲ್ಲಿ ಹನ್ನೆರಡು ಗಂಟೆ ಬೇಡುವ ಹಿಟ್ಟು ಇಲ್ಲಿ ಆರೇಳು ಗಂಟೆಗೆ ಉಕ್ಕುತ್ತದೆ. ಸಂಜೆ ಐದಕ್ಕೆ ರುಬ್ಬಿದರೆ ಮಲಗುವ ಮುನ್ನ ಫ್ರಿಜ್ಜಿಗೆ ಇಡಿ. ರಾತ್ರಿಯಿಡೀ ಹೊರಗಿಟ್ಟರೆ ಬೆಳಗ್ಗೆ ಹುಳಿ ಏರಿ, ಇಡ್ಲಿ ಚಪ್ಪಟೆಯಾಗುತ್ತದೆ. ಹೆಪ್ಪಿಗೆ ಮೊಸರು ಕೊಳ್ಳುವಾಗ ಜಾಗ್ರತೆ. ಇಲ್ಲಿನ ಮೊಸರು ಬಹುಪಾಲು ಸಿಹಿ, "ರೊಟ್ ತಮ್ಮಚಾಟ್", ಅಂದರೆ ಸಹಜ ರುಚಿ ಎಂದು ಬರೆದಿದ್ದರೂ ಸಕ್ಕರೆ ಇರಬಹುದು. ಹಿಂಬದಿಯ ಪಟ್ಟಿ ಓದಿ.

ಸಸ್ಯಾಹಾರಿಗಳು ಹೊರಗೆ ಉಣ್ಣುವಾಗ

"ಮೈ ಕಿನ್ ನುವಾ" ಎಂದು ಕಲಿತು ಬಂದವರಿಗೆ ಕೋಳಿ, ಸಿಗಡಿ ಬಂದು ಬೀಳುತ್ತದೆ. ನುವಾ ಎಂದಷ್ಟೇ ಹೇಳಿದರೆ ದನದ ಮಾಂಸ ಎಂದೇ ಅರ್ಥ. ನೀವು ಗೋಮಾಂಸ ಬೇಡ ಎಂದಿರಿ, ಅವರು ಅದನ್ನು ಪಾಲಿಸಿದರು. ಸರಿಯಾದ ಪದ "ಜೇ". ಹಳದಿ ಬಾವುಟದ ಮೇಲೆ ಕೆಂಪಕ್ಷರ ಇರುವ ಅಂಗಡಿ ಜೇ ಅಂಗಡಿ. ಅಲ್ಲಿ ಮಾಂಸ, ಮೊಟ್ಟೆ, ಹಾಲಷ್ಟೇ ಅಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಮಡಿ ಊಟ ಮಾಡುವವರಿಗೂ ನಡೆಯುತ್ತದೆ. ಸೆಪ್ಟೆಂಬರ್ ಅಥವಾ ಅಕ್ಟೋಬರಿನಲ್ಲಿ ಬರುವ ಜೇ ಹಬ್ಬದ ಒಂಬತ್ತು ದಿನ ಈ ಬಾವುಟ ಬೀದಿಬೀದಿಯಲ್ಲಿ ಹಾರುತ್ತದೆ. ಇನ್ನೊಂದು ಪದ ಮಂಗ್ಸವಿರತ್, ನಮ್ಮ ಮಾಂಸವಿರತಿಯೇ. ಅದರಲ್ಲಿ ಮೊಟ್ಟೆ, ಹಾಲು ಇರಬಹುದು.

ಸಾಮಾನ್ಯ ಅಂಗಡಿಯಲ್ಲಿ ಮಾಂಸದ ತುಂಡು ಹಾಕದಿದ್ದರೆ ಸಸ್ಯಾಹಾರವಾಯಿತು ಎಂದುಕೊಳ್ಳಬೇಡಿ. ಉಪ್ಪಿನ ಜಾಗದಲ್ಲಿ ನಾಮ್ ಪ್ಲಾ ಎಂಬ ಮೀನಿನ ರಸ, ಸೊಪ್ಪಿನ ಪಲ್ಯಕ್ಕೆ ನಾಮ್ಮನ್ ಹೋಯ್ ಎಂಬ ಚಿಪ್ಪುಮೀನಿನ ಸಾಸು, ಮೇಲೋಗರದ ಮಸಾಲೆಗೆ ಕಪಿ ಎಂಬ ಸಿಗಡಿ ಹಿಟ್ಟು, ಪಪಾಯ ಕೋಸಂಬರಿಯಂಥ ಸೊಮ್ ತಮ್‌ಗೆ ಒಣ ಸಿಗಡಿ ಬೀಳುತ್ತವೆ. "ಮೈ ಸೈ ನಾಮ್ ಪ್ಲಾ" ಎಂದರೆ ಮೀನಿನ ರಸ ಹಾಕಬೇಡಿ. ಬೇಡದ್ದರ ಹೆಸರನ್ನೆಲ್ಲ "ಮೈ ಸೈ" ಮುಂದೆ ಸೇರಿಸಿ ಹೇಳಿ, ಬದಲಿಗೆ ಸೀ ಇವ್, ಅಂದರೆ ಸೋಯಾ ಸಾಸು ಹಾಕಲು ಕೇಳಿ.

ಉಪ್ಪುಗಾಳಿ, ಮಳೆ, ಕಡಲು

ಕರಾವಳಿಯವರಿಗೆ ಇಲ್ಲಿನ ದಿಕ್ಕು, ಮಳೆ ಎರಡೂ ತಿರುವುಮುರುವು. ಸೂರ್ಯ ಕಡಲಿನಿಂದ ಹುಟ್ಟಿ ಗುಡ್ಡದ ಹಿಂದೆ ಮುಳುಗುತ್ತಾನೆ. ಪಶ್ಚಿಮದ ತನಿಂತಾರಿ ಬೆಟ್ಟಸಾಲು ನೈಋತ್ಯ ಮುಂಗಾರನ್ನು ತಡೆಯುವುದರಿಂದ, ಮಂಗಳೂರಿನಲ್ಲಿ ಜಡಿಮಳೆ ಹೊಡೆಯುವ ಜುಲೈನಲ್ಲಿ ಇಲ್ಲಿ ಬಿಡುವಾದ ಮಳೆ. ಜೋರು ಬರುವುದು ಅಕ್ಟೋಬರಿನಲ್ಲಿ. ಆಮೇಲೆ ಈಶಾನ್ಯ ಗಾಳಿ ಬೀಸಿ ಅಲೆ ಏರುತ್ತದೆ. ಕೆಂಪು ಬಾವುಟ ಇದ್ದ ದಿನ ನೀರಿಗಿಳಿಯಬೇಡಿ. ಭರತದ ಹೊತ್ತಿನಲ್ಲಿ ಕೆಲವು ಕಡೆ ಮರಳೇ ಉಳಿಯುವುದಿಲ್ಲ, ನಡೆಯಲು ಇಳಿತದ ಸಮಯ ನೋಡಿಕೊಳ್ಳಿ.

ಅಂಬಲಿಮೀನು, ಅಂದರೆ ಜೆಲ್ಲಿಫಿಶ್, ಕುಟುಕಿದರೆ ಉಜ್ಜಬೇಡಿ, ಸಿಹಿನೀರು ಸುರಿಯಬೇಡಿ. ಎರಡರಿಂದಲೂ ಉಳಿದ ಮುಳ್ಳುಕೋಶಗಳು ವಿಷ ಬಿಡುತ್ತವೆ. ಕನಿಷ್ಠ 30 ಸೆಕೆಂಡು ವಿನೆಗರ್ ಸುರಿಯಿರಿ. ಉಸಿರಾಟಕ್ಕೆ ತೊಂದರೆಯಾದರೆ ತಕ್ಷಣ 1669ಕ್ಕೆ ಕರೆ ಮಾಡಿ, ಅದು ಆಂಬ್ಯುಲೆನ್ಸ್.

ಮನೆಯೊಳಗಿನ ಶತ್ರು ಉಪ್ಪುಗಾಳಿ. ಏಸಿಯ ಹೊರಘಟಕ ಕಡಲಿಗೆ ಮುಖ ಮಾಡಿದ್ದರೆ ಬೇಗ ತುಕ್ಕು ಹಿಡಿಯುತ್ತದೆ. ನಾಲ್ಕರಿಂದ ಆರು ತಿಂಗಳಿಗೊಮ್ಮೆ "ಲಾಂಗ್ ಏ" ಎಂದು ಹೇಳಿ ತೊಳೆಸಿ. ತೊಳೆಸದಿದ್ದರೆ ಮೊದಲು ನೀರು ತೊಟ್ಟಿಕ್ಕುತ್ತದೆ, ಆಮೇಲೆ ಬಿಲ್ಲು ಏರುತ್ತದೆ. ಚರ್ಮದ ಚಪ್ಪಲಿ, ರೇಷ್ಮೆ ಸೀರೆ ಬೀರುವಿನಲ್ಲಿ ಬೂಷ್ಟು ಹಿಡಿಯುತ್ತವೆ, ಗಾಳಿಯಾಡಿಸುತ್ತಿರಿ.

ರಸ್ತೆ, ನಾಯಿ, ಔಷಧಿ

ವಾಹನ ಎಡಗಡೆಯೇ, ಆದ್ದರಿಂದ ಸ್ಕೂಟರು ಸುಲಭವೆನಿಸುತ್ತದೆ. ಲೈಸೆನ್ಸಿನಲ್ಲಿ ದ್ವಿಚಕ್ರದ ಮುದ್ರೆ ಇಲ್ಲದೆ ಅಪಘಾತವಾದರೆ ವಿಮೆ ಕೈಬಿಡುತ್ತದೆ, ಆಸ್ಪತ್ರೆಯ ಬಿಲ್ಲು ಪೂರ್ತಿ ನಿಮ್ಮ ತಲೆಗೆ. ಊರಿನಿಂದ ಹೊರಡುವ ಮುನ್ನ ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಪರವಾನಗಿ ಮಾಡಿಸಿ. ಇಲ್ಲಿ ನೆಲೆಸಿದ ಮೇಲೆ ಪಾಸ್‌ಪೋರ್ಟ್, ವೈದ್ಯರ ಪತ್ರ, ವಲಸೆ ಕಚೇರಿಯ ವಾಸಸ್ಥಳ ಪ್ರಮಾಣಪತ್ರ ಕೊಟ್ಟು ಥಾಯ್ ಲೈಸೆನ್ಸ್ ಪಡೆಯಬಹುದು. ನೋಡಿ, ಇಲ್ಲಿಯೂ ಟಿಎಂ 30. ಸ್ಕೂಟರು ಬೇಡವೆನ್ನುವವರಿಗೆ ಫೆಟ್‌ಕಸೆಮ್ ರಸ್ತೆಯಲ್ಲಿ ಹಸಿರು ಸೊಂಗ್‌ಥೇವ್, ಅಂದರೆ ಎದುರುಬದುರು ಬೆಂಚಿನ ಶೇರ್ ಟೆಂಪೋ, ಓಡುತ್ತದೆ. ಕೈ ಅಡ್ಡ ಹಿಡಿದು ಹತ್ತಿ, ಗಂಟೆ ಒತ್ತಿ ಇಳಿಯಿರಿ, ದುಡ್ಡು ಇಳಿದ ಮೇಲೆ.

ಬೀದಿ ನಾಯಿ, ಖಾವ್ ತಕಿಯಪ್ ಗುಡ್ಡದ ಕೋತಿ ಯಾವುದು ಕಚ್ಚಿದರೂ ಪರಚಿದರೂ 15 ನಿಮಿಷ ಸೋಪು ನೀರಿನಲ್ಲಿ ತೊಳೆದು ಅದೇ ದಿನ ರೇಬಿಸ್ ಚುಚ್ಚುಮದ್ದು ಶುರುಮಾಡಿ. ಔಷಧಿ ಅಂಗಡಿಯಲ್ಲಿ ನಮ್ಮ ಕಂಪನಿ ಹೆಸರು ತಿಳಿಯದು, ಮೂಲ ಹೆಸರು ಬರೆದುಕೊಂಡು ಹೋಗಿ. ಭೇದಿಗೆ ಉಪ್ಪು ಸಕ್ಕರೆ ಪುಡಿ ಕೇಳಿದರೆ ಆಟಗಾರರ ಪಾನೀಯದ ಪುಡಿ ಕೊಡುವುದುಂಟು, ಪೊಟ್ಟಣದ ಮೇಲೆ ಓಆರ್‌ಎಸ್ ಎಂದಿದೆಯೇ ನೋಡಿ. ನಿದ್ರೆ, ಆತಂಕದ ಮಾತ್ರೆ ನಿತ್ಯ ತೆಗೆದುಕೊಳ್ಳುವವರು ತರುವ ಮುನ್ನ ಅನುಮತಿಯ ನಿಯಮ ವಿಚಾರಿಸಬೇಕು. ಇ-ಸಿಗರೇಟು ತರುವುದೇ ಅಪರಾಧ.

ಭಾಷೆ

ಕನ್ನಡಿಗರಿಗೆ ಥಾಯ್ ಓದಲು ಬೇರೆಯವರಿಗಿಲ್ಲದ ಅನುಕೂಲವಿದೆ. ಅವರ ಅಕ್ಷರಮಾಲೆಯೂ ಬ್ರಾಹ್ಮಿಯಿಂದ ಬಂದದ್ದು, ಕ, ಖ ಎಂದೇ ಶುರುವಾಗಿ ವರ್ಗದ ಕೊನೆಗೆ ಅನುನಾಸಿಕ. ಮೂರು ಸೂತ್ರ ನೆನಪಿಡಿ. ನಮ್ಮ ಗ, ದ, ಬ ಅವರ ಬಾಯಲ್ಲಿ ಖ, ಥ, ಫ ಆಗುತ್ತವೆ. ಪದದ ಕೊನೆಯ ರ, ಲ ಎರಡೂ ನ್ ಆಗುತ್ತವೆ. ಕೊನೆಯ ಜ, ಥ ಎರಡೂ ತ್ ಆಗುತ್ತವೆ. ಆಗ ಬ್ಯಾಂಕಿನ ಫಲಕದ ಥನಾಖಾನ್ ಧನಾಗಾರ ಎಂದು ಹೊಳೆಯುತ್ತದೆ. ಆಹಾನ್ ಆಹಾರ, ಖ್ರೂ ಗುರು, ಫಾಸಾ ಭಾಷೆ, ವೇಲಾ ವೇಳೆ, ವಾಹನಕ್ಕೆ ಹೇಳುವ ರೊತ್ ರಥ, ಔಷಧಿಯವರ ಫೇಸತ್ ಭೇಷಜ. ಓದು ಸುಲಭ, ಉಚ್ಚಾರ ಕಷ್ಟ. ದನಿಯ ಐದು ಏರಿಳಿತಗಳಲ್ಲಿ ಒಂದೇ ಖಾವ್ ಅನ್ನವೂ ಬಿಳಿಯೂ ಸುದ್ದಿಯೂ ಆಗುತ್ತದೆ.

ಜನರನ್ನು ಕರೆಯುವ ರೀತಿ ನಮ್ಮಂತೆಯೇ. ತರಕಾರಿಯವರು ನಿಮಗಿಂತ ಹಿರಿಯರಾಗಿ ಕಂಡರೆ ಪೀ, ಅಂದರೆ ಅಣ್ಣ ಅಥವಾ ಅಕ್ಕ. ಕಿರಿಯರಾದರೆ ನೊಂಗ್. ವಯಸ್ಸಾದ ಗಂಡಸರು ಲುಂಗ್, ಹೆಂಗಸರು ಪಾ. ಮಾತಿನ ಕೊನೆಗೆ ಗಂಡಸರು ಖ್ರಪ್, ಹೆಂಗಸರು ಖಾ ಸೇರಿಸಬೇಕು. ರಾಜಮನೆತನದ ಬಗ್ಗೆ ಹಗುರ ಮಾತು ಬೇಡವೇ ಬೇಡ, ದಂಡ ಸಂಹಿತೆಯ 112ನೇ ಕಲಮಿನಲ್ಲಿ ಪ್ರತಿ ಅಪರಾಧಕ್ಕೆ 3ರಿಂದ 15 ವರ್ಷ ಸೆರೆ. ಬೆಳಗ್ಗೆ ಎಂಟಕ್ಕೆ, ಸಂಜೆ ಆರಕ್ಕೆ ರೈಲು ನಿಲ್ದಾಣದಲ್ಲಿ ರಾಷ್ಟ್ರಗೀತೆ ಮೊಳಗಿದಾಗ ಎಲ್ಲರಂತೆ ನಿಂತುಬಿಡಿ.

ಮನೆ ಬಿಡುವಾಗ

ಕರಾರಿನಲ್ಲಿರುವಷ್ಟು ದಿನ ಮೊದಲೇ, ಸಾಮಾನ್ಯವಾಗಿ 30 ದಿನ, ಬರಹದಲ್ಲಿ ತಿಳಿಸಿ. ಏಸಿ ತೊಳೆಸಿದ ರಸೀದಿ ಇಟ್ಟುಕೊಳ್ಳಿ. ಕೀಲಿ ಕೊಡುವ ದಿನ ಕರೆಂಟು, ನೀರು ಎರಡೂ ಮೀಟರಿನ ಅಂಕಿಯ ಫೋಟೋ ಮಾಲೀಕರ ಎದುರಿಗೇ ತೆಗೆಯಿರಿ. ಕೊನೆಯ ಬಿಲ್ಲು ನೀವು ಹೋದ ಮೇಲೆ ಬರುವುದರಿಂದ ಅದನ್ನು ಕಳೆದು ಉಳಿದ ಠೇವಣಿ ಕೊಡಲು ಕೆಲವು ವಾರ ಹಿಡಿಯುತ್ತದೆ. ಆ ಹಣ ಬಂದು ಬೀಳುವವರೆಗೆ ಥಾಯ್ ಬ್ಯಾಂಕ್ ಖಾತೆಯನ್ನೂ ಮೊಬೈಲ್ ನಂಬರನ್ನೂ ಮುಚ್ಚಬೇಡಿ.